ಎದೆ ಹಿಡಿದುಕೊಂಡು ಕೂತವರಿಗೂ ಗೇಟ್ ಪಾಸ್ ಬೇಕಾ?

ಪವರ್ ಪ್ರೆಸ್ಸಿಗೆ ಬೆರಳು ಸಿಕ್ಕಿದರೆ ಏನು ಮಾಡಬೇಕು ಅಂತ ಪೀಣ್ಯದ ಯಾವ ಸೂಪರ್‌ವೈಸರ್‌ನನ್ನು ಕೇಳಿದರೂ ತಟ್ಟನೆ ಹೇಳುತ್ತಾರೆ. ಮೆಷಿನ್ ನಿಲ್ಲಿಸು, ರಕ್ತ ಕಟ್ಟು, ಗಾಡಿ ತೆಗಿ, ಇಎಸ್‌ಐ ಆಸ್ಪತ್ರೆಗೆ ಓಡು, ಆಮೇಲೆ ಆಕ್ಸಿಡೆಂಟ್ ರಿಪೋರ್ಟ್ ಬರಿ. ಅದೇ ಲೈನಿನಲ್ಲಿ 45 ವರ್ಷದ ಆಪರೇಟರ್ ಒಬ್ಬರು ಬೆವರುತ್ತಾ, ಎದೆ ಒತ್ತಿಕೊಂಡು ಸ್ಟೂಲಿನ ಮೇಲೆ ಕೂತರೆ? ಆಗ ಕೇಳಿಬರುವ ಮಾತೇ ಬೇರೆ. "ಗ್ಯಾಸ್ಟ್ರಿಕ್ ಇರ್ಬೇಕು. ತಿಂಡಿ ತಿಂದಿದ್ದೀರಾ? ಸ್ವಲ್ಪ ಹೊತ್ತು ಕೂತ್ಕೊಳ್ಳಿ, ಸರಿ ಹೋಗುತ್ತೆ."

ಒಬ್ಬರು ಈನೋ ತರುತ್ತಾರೆ. ಇನ್ನೊಬ್ಬರು ಸೋಡಾ ಕುಡಿಸುತ್ತಾರೆ. ಶಿಫ್ಟ್ ಇನ್‌ಚಾರ್ಜ್ ಎಚ್‌ಆರ್‌ಗೆ ಫೋನ್ ಮಾಡುತ್ತಾರೆ. ಆ ಕಡೆಯಿಂದ ಬರುವ ಮೊದಲ ಪ್ರಶ್ನೆ: "ಕೆಲಸ ಮಾಡ್ತಾ ಆಗಿದ್ದಾ, ಇಲ್ಲ ಮೊದಲೇ ಹುಷಾರಿರಲಿಲ್ವಾ?"

ಈ ಪ್ರಶ್ನೆ ಅಲ್ಲಿ ಏಳಲೇಬಾರದು. ಕಾಯಿಲೆ ಕೆಲಸದಿಂದ ಬಂತೋ, ಸ್ವಂತದ್ದೋ ಅನ್ನುವುದು ಮುಂದೆ ಯಾವತ್ತೋ ಡಾಕ್ಟರು, ಇಎಸ್‌ಐ ಅಧಿಕಾರಿ, ಬೇಕಾದರೆ ನ್ಯಾಯಾಲಯ ತೀರ್ಮಾನಿಸುವ ವಿಷಯ. ಮೊದಲ ಹತ್ತು ನಿಮಿಷದಲ್ಲಿ ಅದಕ್ಕೆ ಜಾಗವೇ ಇಲ್ಲ. ಆದರೂ ನಮ್ಮ ಕಾರ್ಖಾನೆಗಳಲ್ಲಿ ಅದೇ ಮೊದಲು ಬರುತ್ತದೆ. ಅಲ್ಲಿನವರು ಕಲ್ಲು ಮನಸ್ಸಿನವರು ಅಂತಲ್ಲ. ಇಡೀ ವ್ಯವಸ್ಥೆಯನ್ನು ಅಪಘಾತಕ್ಕೆ ಅಂತ ಕಟ್ಟಲಾಗಿದೆ, ಕಾಯಿಲೆಗೆ ಅಂತ ಕಟ್ಟಿಲ್ಲ.

2025ರ ನವೆಂಬರ್ ತನಕ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 45ನೇ ಕಲಮು ನೋಡಿ. ಪ್ರತಿ 150 ಕಾರ್ಮಿಕರಿಗೆ ಕನಿಷ್ಠ ಒಂದು ಫಸ್ಟ್ ಏಡ್ ಬಾಕ್ಸ್ ಇರಬೇಕಿತ್ತು. ಅದರ ಜವಾಬ್ದಾರಿ ಹೊತ್ತವರು ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್ ಪಡೆದಿರಬೇಕಿತ್ತು, ಕೆಲಸದ ಹೊತ್ತಿನಲ್ಲಿ ಸದಾ ಕೈಗೆ ಸಿಗಬೇಕಿತ್ತು. 500ಕ್ಕಿಂತ ಹೆಚ್ಚು ಜನ ಇದ್ದರೆ ಆಂಬ್ಯುಲೆನ್ಸ್ ರೂಮ್, ಅದಕ್ಕೆ ತಕ್ಕ ಡಾಕ್ಟರು, ನರ್ಸು ಬೇಕಿತ್ತು. ಆ ಕಾಲಕ್ಕೆ ಒಳ್ಳೆಯ ನಿಯಮವೇ. ಆದರೆ ಅದೇ ಕಲಮಿನಲ್ಲಿ ಇನ್ನೊಂದು ಮಾತಿತ್ತು: ನಿಗದಿಪಡಿಸಿದ ವಸ್ತುಗಳನ್ನು ಬಿಟ್ಟು ಬೇರೇನನ್ನೂ ಬಾಕ್ಸಿನಲ್ಲಿ ಇಡುವಂತಿರಲಿಲ್ಲ. ಆ ಪಟ್ಟಿಯಲ್ಲಿ ಹೆಚ್ಚಾಗಿ ಇದ್ದದ್ದು ಹತ್ತಿ, ಬ್ಯಾಂಡೇಜು, ಸುಟ್ಟ ಗಾಯದ ಡ್ರೆಸ್ಸಿಂಗು, ಕತ್ತರಿ. ಎಲ್ಲವೂ ಗಾಯಕ್ಕೆ. ಶುಗರ್ ಕುಸಿದವರಿಗೆ, ಉಸಿರು ಕಟ್ಟಿದವರಿಗೆ, ಹೃದಯ ನಿಂತವರಿಗೆ ಆ ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ ಅಂದರೂ ತಪ್ಪಾಗದು.

ವರದಿಯ ವಿಷಯದಲ್ಲೂ ಇದೇ ಕಥೆ. ಅಪಘಾತದಲ್ಲಿ ಯಾರಾದರೂ ಸತ್ತರೆ, ಅಥವಾ ಗಾಯಗೊಂಡು 48 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಕೆಲಸಕ್ಕೆ ಬರಲಾಗದಿದ್ದರೆ ಕಾರ್ಖಾನೆ ಇಲಾಖೆಗೆ ತಿಳಿಸಲೇಬೇಕು. ನೈಟ್ ಶಿಫ್ಟಿನಲ್ಲಿ ಹೃದಯಾಘಾತವಾಗಿ ಒಬ್ಬರು ತೀರಿಕೊಂಡರೆ ಅದು 'ಅಪಘಾತ' ಅಲ್ಲ ಅಂತ ಮ್ಯಾನೇಜ್‌ಮೆಂಟೇ ತೀರ್ಮಾನಿಸಿ ಸುಮ್ಮನಾಗಬಹುದು. ಅಮೆರಿಕದಲ್ಲಿ ಇದಕ್ಕೆ ಬೇರೆ ದಾರಿ ಹಿಡಿದಿದ್ದಾರೆ. ಅಲ್ಲಿನ ಕಾರ್ಮಿಕ ಸುರಕ್ಷಾ ಸಂಸ್ಥೆ ಓಶಾದ ನಿಯಮದಂತೆ, ಕೆಲಸದ ಜಾಗದಲ್ಲಿ ಹೃದಯಾಘಾತದಿಂದ ಆದ ಸಾವನ್ನೂ 8 ಗಂಟೆಯೊಳಗೆ ತಿಳಿಸಬೇಕು. ತನಿಖೆ ಬೇಕೋ ಬೇಡವೋ ಅಂತ ಅಧಿಕಾರಿ ನಿರ್ಧರಿಸುತ್ತಾರೆ, ಕಂಪನಿ ಅಲ್ಲ. ನಮ್ಮಲ್ಲಿ ಇಂಥ ಸಾವುಗಳು ಲೆಕ್ಕಕ್ಕೇ ಬರುವುದಿಲ್ಲ. ಲೆಕ್ಕಕ್ಕೆ ಬಾರದ್ದಕ್ಕೆ ಡ್ರಿಲ್ ಯಾಕೆ ಮಾಡುತ್ತಾರೆ? ವರ್ಷಕ್ಕೆ ಎರಡು ಸಲ ಫೈರ್ ಡ್ರಿಲ್ ಮಾಡುವ ಕಂಪನಿಯಲ್ಲೂ "ಲೈನಿನಲ್ಲಿ ಒಬ್ಬರು ಕುಸಿದು ಬಿದ್ದರು" ಅನ್ನುವ ಡ್ರಿಲ್ ನಡೆಯುವುದು ತೀರಾ ಅಪರೂಪ.

ಸಮಯದ ಲೆಕ್ಕ ಹಾಕೋಣ. ಹೃದಯ ಪೂರ್ತಿ ನಿಂತಾಗ, ಯಾರೂ ಎದೆ ಒತ್ತದೆ, ಶಾಕ್ ಕೊಡದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಸುಮಾರು 7ರಿಂದ 10 ಶೇಕಡಾ ಕಮ್ಮಿಯಾಗುತ್ತಾ ಹೋಗುತ್ತದೆ. ಹತ್ತು ನಿಮಿಷ ಆದಮೇಲೆ ಉಳಿಯುವುದು ಬಹಳ ಸ್ವಲ್ಪ. ಈಗ ಕಾರ್ಖಾನೆಯ ಸರಪಳಿ ನೋಡಿ. ಪಕ್ಕದವರು ಲೈನ್ ಲೀಡರ್‌ಗೆ ಹೇಳಬೇಕು. ಅವರು ಸೂಪರ್‌ವೈಸರ್‌ಗೆ, ಸೂಪರ್‌ವೈಸರ್ ಶಿಫ್ಟ್ ಇನ್‌ಚಾರ್ಜ್‌ಗೆ, ಅವರು ಎಚ್‌ಆರ್‌ಗೆ, ಎಚ್‌ಆರ್ ಗಾಡಿ ನೋಡಿಕೊಳ್ಳುವ ಅಡ್ಮಿನ್‌ಗೆ. ಬಿದ್ದವರು ಕಂಟ್ರಾಕ್ಟ್ ಕಾರ್ಮಿಕರಾದರೆ ನಡುವೆ ಕಂಟ್ರಾಕ್ಟರ್‌ಗೂ ಒಂದು ಫೋನ್. ಅಷ್ಟರಲ್ಲಿ ಗಾಡಿ ಗೇಟಿಗೆ ಬಂದರೆ ಸೆಕ್ಯೂರಿಟಿಯವರು ಔಟ್ ಪಾಸ್ ಕೇಳುತ್ತಾರೆ. ಸಾಮಾನು ಹೊರಗೆ ಹೋಗದಂತೆ ನೋಡಿಕೊಳ್ಳುವುದು ಅವರ ಕೆಲಸ. ಮನುಷ್ಯರನ್ನು ಬೇಗ ಹೊರಗೆ ಕಳಿಸುವುದು ಹೇಗೆ ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ನನ್ನನ್ನು ಕೇಳಿದರೆ, ಯಾವುದೇ ಕಾರ್ಖಾನೆ ಮಾಡಬಹುದಾದ ಅತಿ ದೊಡ್ಡ, ಅತಿ ಅಗ್ಗದ ಬದಲಾವಣೆ ಇಲ್ಲೇ ಇದೆ. ಒಂದು ಸಾಲಿನ ಆದೇಶ ಸಾಕು: ಯಾರಾದರೂ ಕುಸಿದರೆ, ಕಂಡವರು ಯಾರ ಅನುಮತಿಯನ್ನೂ ಕೇಳದೆ ಲೈನ್ ನಿಲ್ಲಿಸಬಹುದು, 108ಕ್ಕೆ ಫೋನ್ ಮಾಡಬಹುದು, ಗೇಟ್ ತೆಗೆಸಬಹುದು. ಹೆಲ್ಪರ್ ಆದರೂ ಸರಿ, ಕ್ಯಾಂಟೀನಿನವರಾದರೂ ಸರಿ. ಆಮೇಲೆ ಅದು ನಿಜಕ್ಕೂ ಗ್ಯಾಸ್ಟ್ರಿಕ್ಕೇ ಆಗಿದ್ದರೂ ಫೋನ್ ಮಾಡಿದವರನ್ನು ಯಾರೂ ಬೈಯಬಾರದು. ಈ ಕೊನೆಯ ಮಾತೇ ಮುಖ್ಯ. ಒಂದು ಸಲ ಬೈಸಿಕೊಂಡವರು ಮುಂದಿನ ಸಲ ಕಾಯುತ್ತಾರೆ.

ಇದರ ಜೊತೆಗೆ ಮೊಬೈಲ್ ಸಮಸ್ಯೆ. ಎಷ್ಟೋ ಕಡೆ ಶಾಪ್ ಫ್ಲೋರಿಗೆ ಮೊಬೈಲ್ ಒಯ್ಯುವಂತಿಲ್ಲ, ಲಾಕರ್‌ನಲ್ಲಿ ಇಟ್ಟೇ ಒಳಗೆ ಹೋಗಬೇಕು. ಸುರಕ್ಷತೆಗೆ, ಗುಟ್ಟು ಕಾಪಾಡಲು ಆ ನಿಯಮ ಇರಲಿ. ಆದರೆ ಹೊರಗೆ ಕರೆ ಹೋಗುವ ಒಂದು ಲ್ಯಾಂಡ್‌ಲೈನ್ ಆದರೂ ಎಲ್ಲರಿಗೂ ಕಾಣುವ ಹಾಗೆ ಇರಬೇಕಲ್ವಾ? ಅದರ ಪಕ್ಕದಲ್ಲಿ ಕಾರ್ಖಾನೆಯ ಪೂರ್ತಿ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ ಬರೆದಿರಬೇಕು. ಪೀಣ್ಯದಲ್ಲಿ ಸ್ಟೇಜು, ಫೇಸು, ಕ್ರಾಸು, ಪ್ಲಾಟ್ ನಂಬರು ಸೇರಿ ಎಂಥವರನ್ನೂ ಸುತ್ತಾಡಿಸುತ್ತವೆ. ಗಾಬರಿಯಲ್ಲಿರುವ ಒಡಿಶಾದ ಹುಡುಗನೊಬ್ಬ ಫೋನಿನಲ್ಲಿ ಅದನ್ನು ವಿವರಿಸುವುದು ಆಗದ ಮಾತು.

ಪ್ರಥಮ ಚಿಕಿತ್ಸೆಗೆ ಹೋಗುವ ಮೊದಲು ಒಂದು ಎಚ್ಚರಿಕೆ. ಕುಸಿದವರನ್ನು ನೋಡಿದ ತಕ್ಷಣ 'ಪಾಪ, ಏನೋ ಕಾಯಿಲೆ' ಅಂದುಕೊಂಡು ಓಡಿಹೋಗುವುದೂ ಅಪಾಯ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಬಜ್ಪೆ ಹತ್ತಿರದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ತ್ಯಾಜ್ಯದ ಟ್ಯಾಂಕಿಗೆ ಇಳಿದ ಒಬ್ಬರು ಕುಸಿದರು. ಅವರನ್ನು ಎತ್ತಲು ಹೋದವರೂ ಒಬ್ಬರ ಹಿಂದೆ ಒಬ್ಬರು ಕುಸಿದರು. ಒಟ್ಟು ಐದು ಜನ, ಪಶ್ಚಿಮ ಬಂಗಾಳದಿಂದ ದುಡಿಯಲು ಬಂದಿದ್ದವರು, ಪ್ರಾಣ ಬಿಟ್ಟರು. ಟ್ಯಾಂಕು, ಸಂಪು, ಪಿಟ್ಟು, ಬಾಯ್ಲರ್ ಒಳಗೆ ಯಾರಾದರೂ ಬಿದ್ದಿದ್ದರೆ ಅದನ್ನು ವಿಷಗಾಳಿ ಅಂತಲೇ ತಿಳಿಯಬೇಕು. ಪ್ಯಾನೆಲ್ ಬೋರ್ಡಿನ ಪಕ್ಕ ಬಿದ್ದಿದ್ದರೆ ಕರೆಂಟು ಅಂತಲೇ ತಿಳಿದು ಮೊದಲು ಮೇನ್ ಆಫ್ ಮಾಡಬೇಕು. ಇಬ್ಬರು ಮೂವರಿಗೆ ಒಟ್ಟಿಗೆ ತಲೆ ಸುತ್ತಿದರೆ ಅದು ಯಾರ 'ಸ್ವಂತ ಕಾಯಿಲೆ'ಯೂ ಅಲ್ಲ, ಎಲ್ಲರನ್ನೂ ಹೊರಗೆ ಕಳಿಸಬೇಕು. ಬೇಸಿಗೆಯಲ್ಲಿ ಫೌಂಡ್ರಿಯ ಕುಲುಮೆ ಪಕ್ಕ ಒಬ್ಬರು ತೊದಲುತ್ತಾ ಬಿದ್ದರೆ, ಮೈ ಕೆಂಡದ ಹಾಗೆ ಸುಡುತ್ತಿದ್ದರೆ, ಅದು ಬಿಸಿಲಿನ ಹೊಡೆತದಂಥದ್ದೇ. ನೆರಳಿಗೆ ಎಳೆದು ಮೈಗೆ ನೀರು ಸುರಿದು ಗಾಳಿ ಹಾಕುವುದನ್ನು ಅಲ್ಲೇ ಶುರು ಮಾಡಬೇಕು.

ಜಾಗ ಸುರಕ್ಷಿತ ಅಂತ ಖಾತ್ರಿ ಆಯಿತು ಅಂದುಕೊಳ್ಳಿ. ಹೆಗಲು ತಟ್ಟಿ ಜೋರಾಗಿ ಕರೆಯಬೇಕು. ಮಾತಿಲ್ಲ, ಸರಿಯಾದ ಉಸಿರಾಟವೂ ಇಲ್ಲ ಅಂದರೆ ಅಲ್ಲೇ ನೆಲದ ಮೇಲೆ ಎದೆ ಒತ್ತಲು ಶುರು ಮಾಡಬೇಕು. ಜನ ಮೋಸ ಹೋಗುವುದು ಇಲ್ಲೇ. ಹೃದಯ ನಿಂತ ಮೊದಲ ಕೆಲವು ನಿಮಿಷ ಗೊರಕೆಯಂಥ, ಬಿಕ್ಕಿದಂಥ ಉಸಿರು ಆಗಾಗ ಬರುತ್ತಿರಬಹುದು. "ಉಸಿರಾಡ್ತಿದಾನೆ ಕಣ್ರೋ" ಅಂತ ಎಲ್ಲರೂ ಸುತ್ತ ನಿಂತುಬಿಡುತ್ತಾರೆ. ಅದು ಉಸಿರಾಟ ಅಲ್ಲ. ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲದ ಲೆಕ್ಕದಲ್ಲಿ ಒತ್ತುತ್ತಾ ಹೋಗಬೇಕು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು, ಇಲ್ಲದಿದ್ದರೆ ಸುಸ್ತಾಗಿ ಒತ್ತಡ ಕಮ್ಮಿಯಾಗುತ್ತದೆ. ಪಕ್ಕೆಲುಬು ಮುರಿಯಬಹುದು. ಪರವಾಗಿಲ್ಲ.

ನಿಂತ ಹೃದಯಕ್ಕೆ ಶಾಕ್ ಕೊಡುವ ಎಇಡಿ ಅನ್ನುವ ಪುಟ್ಟ ಯಂತ್ರ ಇದ್ದರೆ ತಕ್ಷಣ ಹಚ್ಚಬೇಕು. ಯಾವ ಪ್ಯಾಡ್ ಎಲ್ಲಿ ಅಂಟಿಸಬೇಕು, ಯಾವಾಗ ದೂರ ಸರಿಯಬೇಕು ಅಂತ ಅದೇ ಮಾತಾಡಿ ಹೇಳುತ್ತದೆ. ಶಾಕ್ ಬೇಕಿಲ್ಲದ ಹೃದಯಕ್ಕೆ ಅದು ಶಾಕ್ ಕೊಡುವುದೂ ಇಲ್ಲ. ಲಕ್ಷಾಂತರ ಬೆಲೆಯ ಸಿಎನ್‌ಸಿ ಮೆಷಿನ್‌ಗಳ ಸಾಲು ಇರುವ ಕಡೆ ಇದೊಂದು ಖರ್ಚೇ ಅಲ್ಲ. ಆದರೆ ಅದು ಎಂಡಿ ಕ್ಯಾಬಿನ್ ಪಕ್ಕದ ರಿಸೆಪ್ಷನ್‌ನಲ್ಲಿ ಇದ್ದರೆ ಏನು ಬಂತು? ಮೂರು ಶಿಫ್ಟಿನಲ್ಲೂ ಬೀಗವಿಲ್ಲದ ಕಡೆ, ಓಡಿಹೋಗಿ ಮೂರ್ನಾಲ್ಕು ನಿಮಿಷದಲ್ಲಿ ತರುವಷ್ಟು ಹತ್ತಿರ ಇರಬೇಕು.

"ನಾನು ಮುಟ್ಟಿ, ಅವರು ಸತ್ತು, ಕೇಸು ನನ್ನ ಮೇಲೆ ಬಂದರೆ?" ಈ ಭಯ ದೊಡ್ಡದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ ರಕ್ಷಣೆ ರಸ್ತೆ ಅಪಘಾತದಲ್ಲಿ ನೆರವಾದವರಿಗೆ ಮಾತ್ರ, ಕಾರ್ಖಾನೆಯ ಒಳಗೆ ಅದು ಬರುವುದಿಲ್ಲ. ಆದರೆ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಮು ಇದೆ. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದವರ ಒಳಿತಿಗಾಗಿ ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ ಅಪರಾಧ ಆಗುವುದಿಲ್ಲ ಅನ್ನುವುದು ಅದರ ಸಾರ. ಹಳೆಯ ಐಪಿಸಿಯಲ್ಲೂ ಇದು ಇತ್ತು. ಟ್ರೈನಿಂಗ್ ಕೊಡುವವರು ಎದೆ ಒತ್ತುವುದರ ಜೊತೆಗೆ ಇದನ್ನೂ ಹೇಳಿಕೊಟ್ಟರೆ ಕೈಗಳು ಬೇಗ ಮುಂದೆ ಬರುತ್ತವೆ.

ಮೂರ್ಛೆ ಬಂದಾಗ ನಮ್ಮ ಜನ ಮಾಡುವುದು ನಿಮಗೆ ಗೊತ್ತೇ ಇದೆ. ಕೈಗೆ ಕಬ್ಬಿಣದ ಕೀ ಗೊಂಚಲು, ಮೂಗಿಗೆ ಈರುಳ್ಳಿ ಇಲ್ಲವೇ ಚಪ್ಪಲಿ. ಕಾರ್ಖಾನೆಯಲ್ಲಂತೂ ಕಬ್ಬಿಣಕ್ಕೆ ಬರವಿಲ್ಲ, ಸ್ಪ್ಯಾನರನ್ನೇ ಕೈಗೆ ತುರುಕುತ್ತಾರೆ! ಫಿಟ್ಸ್ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ, ಹೆಸರು ಕೀಲಿಗೆ ಬರುತ್ತದೆ. ನಿಜವಾಗಿ ಮಾಡಬೇಕಾದ್ದು ಬೇರೆ. ಹತ್ತಿರದ ಮೆಷಿನ್ ನಿಲ್ಲಿಸಬೇಕು. ತಲೆಗೆ ಏನೂ ತಾಗದಂತೆ ಮೆತ್ತಗಿನದೇನಾದರೂ ಇಡಬೇಕು. ಕೈಕಾಲು ಅದುಮಿ ಹಿಡಿಯಬಾರದು, ಬಾಯಿಗೆ ಏನನ್ನೂ ಹಾಕಬಾರದು, ನೀರನ್ನೂ ಕೂಡ. ಅದುರುವುದು ನಿಂತ ಮೇಲೆ ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಗಡಿಯಾರ ನೋಡಬೇಕು. 5 ನಿಮಿಷ ದಾಟಿದರೆ, ಎಚ್ಚರ ಬರದೆ ಮತ್ತೆ ಶುರುವಾದರೆ, ಅಥವಾ ಇದೇ ಮೊದಲ ಸಲ ಅಂತಾದರೆ ಆಸ್ಪತ್ರೆಗೆ ಹೋಗಲೇಬೇಕು. ಮತ್ತು ಯಾರೂ ವಿಡಿಯೋ ಮಾಡಬಾರದು. ಅದು ಕಂಪನಿಯ ವಾಟ್ಸಾಪ್ ಗ್ರೂಪಿಗೆ ಬಿದ್ದರೆ ಅವರ ಕೆಲಸವೂ ಹೋಯಿತು, ಮದುವೆ ಮಾತೂ ಮುರಿಯಿತು.

ಶುಗರ್ ಕುಸಿದಾಗ ಆಗುವ ಅನಾಹುತ ಇನ್ನೊಂದು ಥರ. ಕೈ ನಡುಗುತ್ತದೆ, ಮಾತು ತಡವರಿಸುತ್ತದೆ, ಸಿಟ್ಟು ಬರುತ್ತದೆ, ಕಾಲು ತೂರಾಡುತ್ತದೆ. ನೋಡಿದವರಿಗೆ ಕುಡಿದು ಬಂದ ಹಾಗೆ ಕಾಣುತ್ತದೆ. ಸಕ್ಕರೆ ಕೊಡಬೇಕಾದವರಿಗೆ ಮೆಮೊ ಕೊಟ್ಟು ಗೇಟಿನ ಹೊರಗೆ ಕೂರಿಸಿದರೆ ಪ್ರಾಣಕ್ಕೇ ಸಂಚಕಾರ. ಎಚ್ಚರ ಇದ್ದು ನುಂಗುವಂತಿದ್ದರೆ ಮೂರ್ನಾಲ್ಕು ಚಮಚ ಸಕ್ಕರೆ, ಗ್ಲೂಕೋಸ್ ನೀರು ಅಥವಾ ಸಿಹಿ ಜ್ಯೂಸು ಕೊಡಬೇಕು. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬಾರದು. ಲಕ್ವ ಹೊಡೆದಾಗಲೂ ಮಾತು ತೊದಲುತ್ತದೆ, ಅದನ್ನೂ ಕುಡಿತ ಅಂತ ತಪ್ಪು ತಿಳಿಯುವವರಿದ್ದಾರೆ. ನಗು ಅಂದರೆ ಬಾಯಿ ಒಂದು ಕಡೆ ಜೋತು ಬೀಳುತ್ತದಾ, ಎರಡೂ ಕೈ ಎತ್ತು ಅಂದರೆ ಒಂದು ಇಳಿಯುತ್ತದಾ ನೋಡಿ. ಕೊನೆಯ ಸಲ ಅವರು ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಅಂತ ಬರೆದಿಟ್ಟುಕೊಳ್ಳಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡಿ ಇದೆ. ಡಾಕ್ಟರು ಮೊದಲು ಕೇಳುವುದೇ ಆ ಸಮಯವನ್ನು.

ಗಾರ್ಮೆಂಟ್ ಲೈನ್‌ಗಳಲ್ಲಿ ಹೆಣ್ಣುಮಕ್ಕಳು ತಲೆ ಸುತ್ತಿ ಬೀಳುವುದು ಎಷ್ಟು ಮಾಮೂಲಿ ಅಂದರೆ ಅದನ್ನು ಯಾರೂ ತುರ್ತು ಅಂತ ಎಣಿಸುವುದೇ ಇಲ್ಲ. ಕಾಲು ಎತ್ತಿ ಮಲಗಿಸಿ, ನೀರು ಕೊಟ್ಟು, ಮತ್ತೆ ಮೆಷಿನ್ ಮುಂದೆ ಕೂರಿಸುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಅದರ ಮೇಲೆ ಬೆಳಗ್ಗೆ ತಿಂಡಿ ಬಿಟ್ಟು ಬಸ್ಸು ಹಿಡಿಯುವುದು. ಟಾಯ್ಲೆಟ್‌ಗೆ ಎದ್ದರೆ ಸೂಪರ್‌ವೈಸರ್ ಗೊಣಗುತ್ತಾರೆ ಅಂತ ನೀರೇ ಕುಡಿಯದೆ ಕೂರುವುದು. ಇದನ್ನು 'ಅವರ ಪರ್ಸನಲ್ ಪ್ರಾಬ್ಲಂ' ಅಂತ ರಿಜಿಸ್ಟರ್‌ನಲ್ಲಿ ಬರೆದರೆ ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ಇನ್ನು ಆಸ್ಪತ್ರೆ. ಎಲ್ಲಿಗೆ ಒಯ್ಯಬೇಕು ಅನ್ನುವುದು ಆ ಗಳಿಗೆಯಲ್ಲಿ ಯೋಚಿಸುವ ವಿಷಯವಲ್ಲ, ಮೊದಲೇ ತೀರ್ಮಾನವಾಗಿ ಗೋಡೆ ಮೇಲೆ ಇರಬೇಕು. ಹತ್ತಿರದ ನರ್ಸಿಂಗ್ ಹೋಮಿಗೆ ಹೋಗಿ, ಅಲ್ಲಿ ಇಸಿಜಿ ಮಾಡಿ, 'ಇಲ್ಲಿ ಆಗಲ್ಲ, ದೊಡ್ಡಾಸ್ಪತ್ರೆಗೆ ಹೋಗಿ' ಅನ್ನಿಸಿಕೊಂಡು ಮತ್ತೆ ತುಮಕೂರು ರಸ್ತೆಯ ಟ್ರಾಫಿಕ್ಕಿಗೆ ಬೀಳುವುದು ತುಂಬಾ ಜನರ ಅನುಭವ. ಹೃದಯದ ರಕ್ತನಾಳದ ಬ್ಲಾಕ್ ತೆಗೆಯುವ ಕ್ಯಾಥ್ ಲ್ಯಾಬ್ ಇರುವ ಆಸ್ಪತ್ರೆ ಯಾವುದು, ಲಕ್ವಕ್ಕೆ ಸಿಟಿ ಸ್ಕ್ಯಾನ್ 24 ಗಂಟೆಯೂ ಸಿಗುವುದು ಎಲ್ಲಿ, ರಾತ್ರಿ 2 ಗಂಟೆಗೆ ಅಲ್ಲಿ ಡಾಕ್ಟರು ಇರುತ್ತಾರಾ ಅಂತ ಎಚ್‌ಆರ್‌ನವರು ಒಂದು ದಿನ ಕೂತು ಫೋನ್ ಮಾಡಿ ತಿಳಿದುಕೊಂಡರೆ ಸಾಕು. ಕಂಪನಿ ಗಾಡಿಯೋ 108ಓ? ಎಚ್ಚರವಿಲ್ಲದವರಿಗೆ, ಎದೆನೋವಿನವರಿಗೆ ಆಂಬ್ಯುಲೆನ್ಸೇ ಒಳ್ಳೆಯದು, ದಾರಿಯಲ್ಲಿ ಆಮ್ಲಜನಕ ಇರುತ್ತದೆ, ತರಬೇತಾದವರು ಇರುತ್ತಾರೆ. 2008ರಿಂದ ನಡೆಯುತ್ತಿರುವ ಆರೋಗ್ಯ ಕವಚ 108ಕ್ಕೆ ಫೋನ್ ಮಾಡಿ, ಎಷ್ಟು ಹೊತ್ತಾಗುತ್ತದೆ ಅಂತ ಕೇಳಿ, ತೀರಾ ತಡ ಅಂದರೆ ಮಾತ್ರ ಸ್ವಂತ ಗಾಡಿ. ಹಾಗೆ ಒಯ್ಯುವಾಗ ಎದೆ ಒತ್ತಲು ಬರುವವರೊಬ್ಬರು ಜೊತೆಗಿರಬೇಕು. ಎದೆನೋವಿನವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವುದಂತೂ ಬೇಡವೇ ಬೇಡ.

ಬೆಂಗಳೂರು ಬಿಟ್ಟು ದೂರ ಇರುವ ನರಸಾಪುರ, ತೋರಣಗಲ್ಲಿನಂಥ ಕಡೆಗಳಿಗೆ ಒಂದು ವಿಷಯ ತಿಳಿದಿರಲಿ. 2023ರಲ್ಲಿ ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ಶುರು ಮಾಡಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಕೇಂದ್ರದ ತಜ್ಞರು ಕೂತಲ್ಲೇ ನೋಡುತ್ತಾರೆ. ಹೃದಯಾಘಾತ ಅಂತ ಖಚಿತವಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ. ಯೋಜನೆಯ ಆಸ್ಪತ್ರೆ ಹತ್ತಿರ ಯಾವುದು ಅಂತ ಮೊದಲೇ ಗೊತ್ತಿದ್ದರೆ, ಎರಡು ಗಂಟೆ ಪ್ರಯಾಣ ಮಾಡಿ ನಗರ ಮುಟ್ಟುವುದಕ್ಕಿಂತ ಇದು ಎಷ್ಟೋ ಸಲ ಬುದ್ಧಿವಂತಿಕೆಯ ದಾರಿ.

ಅಡ್ವಾನ್ಸ್ ಕಟ್ಟಿ ಅನ್ನುವ ಆಸ್ಪತ್ರೆಗಳಿಗೂ ಉತ್ತರ ಇದೆ. ತುರ್ತು ಚಿಕಿತ್ಸೆ ಕೊಡುವುದು ಪ್ರತಿ ವೈದ್ಯರ ಕರ್ತವ್ಯ ಅಂತ ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರಾ ಪ್ರಕರಣದಲ್ಲೇ ಹೇಳಿದೆ. ಇಎಸ್‌ಐ ಇರುವ ಕಾರ್ಮಿಕರನ್ನು ತುರ್ತಿನಲ್ಲಿ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಸೇರಿಸಿದರೂ ಖರ್ಚು ವಾಪಸ್ ಕೇಳಲು ಅವಕಾಶ ಇದೆ. ಬಿಲ್ಲು, ಡಿಸ್ಚಾರ್ಜ್ ಸಮ್ಮರಿ ಜೋಪಾನ ಮಾಡಬೇಕು ಅಷ್ಟೇ. ಹೊಸದಾಗಿ ಸೇರಿದವರ ಐಪಿ ನಂಬರ್ (ಇಎಸ್‌ಐ ವಿಮಾದಾರರ ನಂಬರ್) ಆಗದೇ ಇರುವುದು, ಆಗಿದ್ದರೂ ಅವರಿಗೇ ಗೊತ್ತಿಲ್ಲದಿರುವುದು ಇಲ್ಲಿನ ದೊಡ್ಡ ತಲೆನೋವು. ಐಡಿ ಕಾರ್ಡಿನಲ್ಲಿ ತಪ್ಪದೆ ಬ್ಲಡ್ ಗ್ರೂಪ್ ಅಚ್ಚು ಹಾಕಿಸುತ್ತಾರೆ. ಎದೆನೋವಿಗೆ ಅದು ಉಪಯೋಗಕ್ಕೆ ಬಾರದು. ಅದರ ಬದಲು ಇಎಸ್‌ಐ ನಂಬರು, ಮನೆಯವರ ಫೋನ್ ನಂಬರು ಹಾಕಿಸಿದರೆ ಪುಣ್ಯ ಬರುತ್ತದೆ.

ಈಗ ದುಡ್ಡಿನ ಮಾತು. ಮೊದಲ ನಿಮಿಷಗಳಲ್ಲಿ 'ಕೆಲಸ ಮಾಡ್ತಾ ಆಗಿದ್ದಾ' ಅನ್ನುವ ಪ್ರಶ್ನೆ ಯಾಕೆ ಏಳುತ್ತದೆ ಅನ್ನುವುದಕ್ಕೆ ಬೇರು ಇಲ್ಲೇ ಇದೆ. ಪರಿಹಾರ ಸಿಗಬೇಕಾದರೆ ಅಪಘಾತ 'ಉದ್ಯೋಗದಿಂದ ಮತ್ತು ಉದ್ಯೋಗದ ಅವಧಿಯಲ್ಲಿ' ಆಗಿರಬೇಕು ಅಂತ 1923ರಿಂದಲೂ ಕಾನೂನು ಹೇಳುತ್ತಾ ಬಂದಿದೆ. ಡ್ಯೂಟಿಯಲ್ಲಿ ಇದ್ದಾಗ ಸತ್ತರೆ ಅಷ್ಟೇ ಸಾಲದು, ಡ್ಯೂಟಿಯೂ ಕಾರಣ ಆಗಿರಬೇಕು. ನೆಲ್ಲೂರಿನ ವಿದ್ಯುತ್ ಸ್ಥಾವರದ ನೌಕರರೊಬ್ಬರು ಕೆಲಸದ ಜಾಗದಲ್ಲೇ ಹೃದಯಾಘಾತದಿಂದ ತೀರಿಕೊಂಡ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ಕೊಡಲಿಲ್ಲ. ಅವರಿಗೆ ಮೊದಲೇ ಕಾಯಿಲೆ ಇತ್ತು, ಕೆಲಸದಲ್ಲಿ ಒತ್ತಡ ಇರಲಿಲ್ಲ ಅನ್ನುವುದು ಕಾರಣ. 2012ರಲ್ಲಿ ಅದೇ ನ್ಯಾಯಾಲಯ, ದೆಹಲಿಯಿಂದ ಸಾವಿರ ಕಿಲೋಮೀಟರಿಗೂ ಜಾಸ್ತಿ ಲಾರಿ ಓಡಿಸಿ ದಾರಿಯಲ್ಲೇ ಕುಸಿದು ಸತ್ತ ಚಾಲಕರ ಮನೆಯವರಿಗೆ ಪರಿಹಾರ ಕೊಡಿಸಿತು. ಅಷ್ಟು ದೂರದ ಓಟದ ಶ್ರಮವೇ ಸಾವನ್ನು ಹತ್ತಿರ ತಂದಿರಬಹುದು ಅಂತ ಒಪ್ಪಿತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಕಾಣುತ್ತದೆ. 'ಸ್ವಂತ ಕಾಯಿಲೆ' ಅನ್ನುವುದು ಸಾಕ್ಷಿ ನೋಡಿ ತೀರ್ಮಾನವಾಗುವ ವಿಷಯ. ಸೂಪರ್‌ವೈಸರ್ ಅಂದಾಜಿನಲ್ಲಿ ರಿಪೋರ್ಟಿಗೆ ಬರೆಯುವ ಪದ ಅಲ್ಲ. ಅಲ್ಲಿ ಬರೆಯಬೇಕಾದ್ದು ಕಂಡದ್ದನ್ನು: ಎಷ್ಟು ಗಂಟೆಗೆ ಶಿಫ್ಟಿಗೆ ಬಂದರು, ಏನು ಕೆಲಸ ಮಾಡುತ್ತಿದ್ದರು, ಹಿಂದಿನ ವಾರ ಎಷ್ಟು ಓಟಿ ಮಾಡಿದ್ದರು, ಯಾವಾಗ ಏನಂದರು, 108ಕ್ಕೆ ಎಷ್ಟು ಗಂಟೆಗೆ ಫೋನ್ ಹೋಯಿತು.

ಓಟಿಯ ಮಾತು ಸುಮ್ನೆ ತಂದಿದ್ದಲ್ಲ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವ ಕಾರಣಕ್ಕೆ 2016ರಲ್ಲಿ ಜಗತ್ತಿನಲ್ಲಿ ಸುಮಾರು 7 ಲಕ್ಷ 45 ಸಾವಿರ ಜನ ಲಕ್ವ ಮತ್ತು ಹೃದಯ ಕಾಯಿಲೆಯಿಂದ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಅಂದಾಜು ಮಾಡಿದವು. ಜಪಾನಿನಲ್ಲಿ ಕಾಯಿಲೆ ಬೀಳುವ ಮುಂಚಿನ ತಿಂಗಳು 100 ಗಂಟೆ, ಇಲ್ಲವೇ ಎರಡರಿಂದ ಆರು ತಿಂಗಳ ಸರಾಸರಿಯಲ್ಲಿ 80 ಗಂಟೆ ಮೀರಿದ ಓಟಿ ಇದ್ದರೆ ಹೃದಯಾಘಾತಕ್ಕೂ ಕೆಲಸಕ್ಕೂ ಬಲವಾದ ನಂಟಿದೆ ಅಂತ ಪರಿಗಣಿಸುತ್ತಾರೆ. ನಮ್ಮಲ್ಲಿ ಅಂಥ ಅಳತೆಗೋಲೇ ಇಲ್ಲ. ಅದೇ ಹೊತ್ತಿಗೆ ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆ ಕೆಲಸಕ್ಕೆ, ಮೂರು ತಿಂಗಳಿಗೆ 145 ಗಂಟೆ ಓಟಿಗೆ ದಾರಿ ಮಾಡಿಕೊಟ್ಟಿತು. ವಾರದ ಮಿತಿ 48 ಗಂಟೆ ಉಳಿದಿದೆ, ನಿಜ. ಆದರೆ 12 ಗಂಟೆಯ ಪಾಳಿಯಲ್ಲಿ ನಿಂತ 50 ವರ್ಷದವರು ಕುಸಿದಾಗ ಅದು ಪೂರ್ತಿ ಅವರ ಸ್ವಂತದ್ದು ಅಂತ ಹೇಳಲು ನನಗಂತೂ ಬಾಯಿ ಬರುವುದಿಲ್ಲ.

ಪರಿಹಾರ ಸಿಗದಿದ್ದರೂ ಕುಟುಂಬಕ್ಕೆ ಬರಬೇಕಾದ್ದು ಕೆಲವಿವೆ, ಅವಕ್ಕೆ ಕಾರಣ ಯಾವುದಾದರೂ ನಡೆಯುತ್ತದೆ. ಬದುಕಿ ಉಳಿದವರಿಗೆ ಇಎಸ್‌ಐಯಿಂದ ವರ್ಷಕ್ಕೆ 91 ದಿನದವರೆಗೆ ಕೂಲಿಯ 70 ಶೇಕಡಾ ಸಿಗುತ್ತದೆ, ಸಂಬಂಧಪಟ್ಟ ಆರು ತಿಂಗಳಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಕೆಲವು ದೀರ್ಘ ಕಾಯಿಲೆಗಳಿಗೆ 80 ಶೇಕಡಾ, ಎರಡು ವರ್ಷದವರೆಗೆ. ತೀರಿಕೊಂಡರೆ ಪಿಎಫ್‌ಗೆ ಜೋಡಿಸಿರುವ ಇಡಿಎಲ್‌ಐ ವಿಮೆಯಿಂದ 7 ಲಕ್ಷದವರೆಗೆ ಬರಬಹುದು. ಗ್ರಾಚ್ಯುಟಿಗೆ ಐದು ವರ್ಷದ ಷರತ್ತು ಸಾವಿನ ಸಂದರ್ಭದಲ್ಲಿ ಇಲ್ಲ. ಇದು ಗೊತ್ತಿಲ್ಲದೆ, ಕಂಪನಿಯವರು ಕೈಗಿಟ್ಟ ಅಂತ್ಯಸಂಸ್ಕಾರದ ಖರ್ಚು ತಗೊಂಡು ಊರಿಗೆ ಹೋದ ಮನೆಗಳು ಎಷ್ಟಿರಬಹುದು!

ಮುಂಚೆಯೇ ಕಂಡುಹಿಡಿದರೆ ಒಳ್ಳೆಯದಲ್ವಾ ಅಂತ ನೀವು ಕೇಳಬಹುದು. 2025ರಲ್ಲಿ ಹಾಸನದಲ್ಲಿ ಸಾಲುಸಾಲು ಹೃದಯಾಘಾತದ ಸುದ್ದಿ ಬಂದಾಗ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದ್ದು ನೆನಪಿದೆ. ಆ ವರ್ಷ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ 40 ದಾಟಿದವರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಕೊಡಿಸುವುದು ಮಾಲೀಕರ ಹೊಣೆ. ಒಳ್ಳೆಯ ಹೆಜ್ಜೆ. ಆದರೆ ಆ ರಿಪೋರ್ಟ್ ಯಾರ ಕೈಗೆ ಹೋಗುತ್ತದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಬಿಪಿ ಜಾಸ್ತಿ ಅಂತ ಗೊತ್ತಾದ ಕಂಟ್ರಾಕ್ಟ್ ಕಾರ್ಮಿಕರನ್ನು 'ನಾಳೆಯಿಂದ ಬರಬೇಡಿ' ಅನ್ನಲು ಒಂದು ಫೋನ್ ಸಾಕು. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕಾಯ್ದೆಯಲ್ಲಿ, ತಲೆ ಸುತ್ತುವ ತೊಂದರೆ ಇದೆ ಅಂತ ಗೊತ್ತಿರುವವರನ್ನು ಅಪಾಯದ ಕೆಲಸಕ್ಕೆ ಹಚ್ಚಬಾರದು ಅಂತಿತ್ತು. ಉದ್ದೇಶ ಸರಿ, ಪರಿಣಾಮ ಮಾತ್ರ ಉಲ್ಟಾ. ಕೂಲಿ ತಪ್ಪುತ್ತದೆ ಅಂತ ಜನ ತಲೆ ಸುತ್ತುವುದನ್ನೇ ಮುಚ್ಚಿಟ್ಟರು. ಫಿಟ್ಸ್ ಇರುವವರು ಗುಳಿಗೆಯನ್ನು ಟಿಫನ್ ಬಾಕ್ಸಿನ ತಳದಲ್ಲಿ ಬಚ್ಚಿಡುವುದು ಇದಕ್ಕೇ. ಅವರಿಗೆ ಎತ್ತರದ ಕೆಲಸದ ಬದಲು ನೆಲದ ಕೆಲಸ, ಅದೇ ಸಂಬಳಕ್ಕೆ, ಸಿಗುತ್ತದೆ ಅನ್ನುವ ಭರವಸೆ ಬರುವ ತನಕ ತಪಾಸಣೆ ಕ್ಯಾಂಪುಗಳು ಫೋಟೋಗಷ್ಟೇ.

ಇಷ್ಟೆಲ್ಲ ಹೇಳಿದ್ದು ದೊಡ್ಡ ಕಾರ್ಖಾನೆಗಳಿಗಾಯಿತು. ಪೀಣ್ಯ, ಹುಬ್ಬಳ್ಳಿಯ ತಾರಿಹಾಳ, ಬೆಳಗಾವಿಯ ಉದ್ಯಮಬಾಗದಲ್ಲಿ ಜಾಸ್ತಿ ಇರುವುದು ಎಂಟು, ಹನ್ನೆರಡು, ಹದಿನೈದು ಜನರ ಶೆಡ್ಡುಗಳು. ಹೊಸ ಸಂಹಿತೆಯಲ್ಲಿ ಕರೆಂಟ್ ಬಳಸುವ ಘಟಕ 'ಕಾರ್ಖಾನೆ' ಅನ್ನಿಸಿಕೊಳ್ಳಲು 20 ಕಾರ್ಮಿಕರು ಬೇಕು, ಮೊದಲು 10 ಸಾಕಿತ್ತು. ಈ ಸಣ್ಣವರಿಗೆ ನರ್ಸು, ಎಇಡಿ, ಗಾಡಿ ಎಲ್ಲ ಇಡಿ ಅಂದರೆ ಆಗುವುದಿಲ್ಲ, ನಿಜ. ಆದರೆ ಒಂದು ರಸ್ತೆಯ ಇಪ್ಪತ್ತು ಶೆಡ್ಡುಗಳು ಸೇರಿ ಒಂದು ಎಇಡಿ ಕೊಳ್ಳಬಹುದು. ರಾತ್ರಿಯೂ ತೆರೆದಿರುವ ಟೀ ಅಂಗಡಿಯಲ್ಲೋ ಪೆಟ್ರೋಲ್ ಬಂಕಿನಲ್ಲೋ ಅದನ್ನು ಇಡಬಹುದು. ಪ್ರತಿ ಶೆಡ್ಡಿನಿಂದ ಇಬ್ಬರಿಗೆ, ಒಬ್ಬರು ಹಗಲಿಗೆ ಒಬ್ಬರು ರಾತ್ರಿಗೆ, ಅರ್ಧ ದಿನದ ತರಬೇತಿ ಕೊಡಿಸಬಹುದು. ಬೀದಿ ದೀಪ, ಚರಂಡಿಗೆ ಅಂತ ಸೇರಿ ಮನವಿ ಕೊಡುವ ಕೈಗಾರಿಕಾ ಸಂಘಗಳು ಎಲ್ಲ ಬಡಾವಣೆಗಳಲ್ಲೂ ಇವೆ. ಅವರ ಮುಂದಿನ ಮೀಟಿಂಗಿನ ಅಜೆಂಡಾದಲ್ಲಿ ಇದು ಇರಬೇಕು. ಎಇಡಿಯ ಬ್ಯಾಟರಿ, ಪ್ಯಾಡ್ ಬದಲಿಸುವ ಹೊಣೆ ಯಾರ ಹೆಸರಿಗೆ ಅಂತ ಮಿನಿಟ್ಸ್‌ನಲ್ಲಿ ಬರೆಸುವುದನ್ನು ಮಾತ್ರ ಮರೆಯಬಾರದು.